ಮರಳಿನ ಮೇಲೆ ಯಾರಿದ್ದಾರೆ, ಅದನ್ನು ಬರೆಯಿರಿ

ನಮಸ್ಕಾರ.

ಯುರೋಪಿನ ಚಿತ್ರಕಾರರು ಕಡಲತೀರದ ವಿಹಾರವನ್ನು ಹೇಗೆ ಚಿತ್ರಿಸಿದರು ಎಂಬ ನಿಮ್ಮ ಲೇಖನ ಓದಿದೆ. ನೇರವಾಗಿಯೇ ಹೇಳುತ್ತೇನೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಹೊರಗೆ ಬರಬೇಕು ಅನ್ನುವುದೇ ನನ್ನ ಆಸೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಕಡಲಿನ ಅಗಾಧತೆ, ಅಲೆಗಳ ಸಂಗೀತ ಯಾವ ಲೇಖನಕ್ಕೂ ಹೊಂದುವ ಮಾತುಗಳು. ಆಮೇಲೆ ಸುಮ್ನೆ ಹೆಸರುಗಳ ಸಾಲು ಬರುತ್ತದೆ, ಒಬ್ಬೊಬ್ಬರಿಗೆ ಎರಡೆರಡು ವಾಕ್ಯ. ಯಾವ ಚಿತ್ರವೂ ಕಣ್ಣಿಗೆ ಕಟ್ಟುವುದಿಲ್ಲ.

ಫ್ರೆಂಚ್ ಚಿತ್ರಕಾರ ಯುಜೀನ್ ಬೂದಾಂ ಬಗ್ಗೆ ‘ಜನ ಅಲೆಗಳಲ್ಲಿ ಮೈಮರೆತು ಆಡುತ್ತಿದ್ದಾರೆ’ ಎಂದು ಬರೆದಿದ್ದೀರಿ. ಫ್ರಾನ್ಸಿನ ಕಡಲತೀರದ ಊರು ತ್ರೂವಿಲ್‌ನಲ್ಲಿ ಅವನು ಬರೆದ ಚಿತ್ರಗಳನ್ನು ಮತ್ತೊಮ್ಮೆ ನೋಡಿ. ಹೆಚ್ಚಿನವುಗಳಲ್ಲಿ ಯಾರೂ ನೀರಿಗೇ ಇಳಿದಿಲ್ಲ! ದೊಡ್ಡ ಘೇರಿನ ಲಂಗ, ಟೋಪಿ, ಕೊಡೆ. ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಮಾತಾಡುತ್ತಾ ಕೂತಿದ್ದಾರೆ. ಅವರು ನೋಡಲು, ನೋಡಿಸಿಕೊಳ್ಳಲು ಬಂದವರು. ಬಂದದ್ದು ಹೇಗೆ? 1863ರಲ್ಲಿ ರೈಲು ತ್ರೂವಿಲ್ ತನಕ ಬಂತು, ಪ್ಯಾರಿಸ್ಸಿನ ಉಳ್ಳವರಿಗೆ ಕಡಲು ಹತ್ತಿರವಾಯಿತು. ನಿಮ್ಮ ಲೇಖನದಲ್ಲಿ ರೈಲಿನ ಸುಳಿವೇ ಇಲ್ಲ. ಬೂದಾಂಗೂ ಈ ಜನರ ಬಗ್ಗೆ ಒಂದೇ ಮನಸ್ಸಿರಲಿಲ್ಲ. 1867ರಲ್ಲಿ ಫ್ರಾನ್ಸಿನದೇ ಬ್ರಿಟನಿ ಪ್ರಾಂತ್ಯದ ದುಡಿಯುವ ಜನರ ನಡುವೆ ಇದ್ದು ತ್ರೂವಿಲ್‌ಗೆ ಮರಳಿದಾಗ, ಈ ತೀರ ಭಯಂಕರ ವೇಷಗಾರಿಕೆಯಂತೆ ಕಾಣುತ್ತಿದೆ ಎಂದು ಪತ್ರದಲ್ಲಿ ಬರೆದ. ಮರುವರ್ಷ, ಈ ಉಳ್ಳವರಿಗೂ ಚಿತ್ರದಲ್ಲಿ ಜಾಗ ಪಡೆಯುವ ಹಕ್ಕಿದೆ ಎಂದ. ಈ ತಾಕಲಾಟ ಬಿಟ್ಟರೆ ಬೂದಾಂನನ್ನೇ ಬಿಟ್ಟ ಹಾಗೆ, ಅಲ್ವಾ?

ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ 1870ರ ತ್ರೂವಿಲ್ ಚಿತ್ರದ ಬಣ್ಣದಲ್ಲಿ ಮರಳಿನ ಕಣಗಳು ಅಂಟಿಕೊಂಡಿವೆ ಎಂದು ಬರೆದಿರುವುದು ನನಗೆ ತುಂಬಾ ಇಷ್ಟವಾಯಿತು. ಅದನ್ನು ಖಂಡಿತ ಉಳಿಸಿ. ಆದರೆ ನಿಮ್ಮ ಲೇಖನದ ಜೀವ ಇರುವುದು ಫ್ರಾನ್ಸಿನ ಇನ್ನೊಂದು ಕಡಲತೀರದ ಊರು ಸೇಂತ್ ಅದ್ರೆಸ್‌ನಲ್ಲಿ. 1867ರಲ್ಲಿ ಮೋನೆ ಅಲ್ಲಿನ ತೀರವನ್ನು ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಕ್ಯಾನ್ವಾಸ್‌ಗಳಲ್ಲಿ ಚಿತ್ರಿಸಿದ. ನೀವು ಹೇಳಿದ್ದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವುದನ್ನು ಮಾತ್ರ: ಬಿಸಿಲು, ಬಿಳಿ ಹಾಯಿಯ ಪಂದ್ಯದ ದೋಣಿಗಳು, ಚೆನ್ನಾಗಿ ಉಡುಪು ತೊಟ್ಟು ನೋಡುತ್ತಿರುವ ಜನ. ಇನ್ನೊಂದು ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಅಲ್ಲಿ ಮೋಡ ಕವಿದಿದೆ. ಎದುರಿಗೇ ದಡಕ್ಕೆ ಎಳೆದಿಟ್ಟ ಮೀನು ದೋಣಿಗಳು, ಜೊತೆಗೆ ಮೀನುಗಾರರು. ವಿಹಾರಕ್ಕೆ ಬಂದವರು ದೂರದಲ್ಲಿ, ನೀರಿನ ಅಂಚಿನಲ್ಲಿ ಕೂತ ಒಂದು ಪುಟ್ಟ ಜೋಡಿ. ಅವರಲ್ಲೊಬ್ಬ ದೂರದರ್ಶಕ ಹಿಡಿದಿದ್ದಾನೆ. ಒಬ್ಬರಿಗೆ ದುಡಿಮೆಯ ಜಾಗ, ಇನ್ನೊಬ್ಬರಿಗೆ ರಜೆಯ ಜಾಗ. ಮೋನೆ ಇಬ್ಬರನ್ನೂ ಕಂಡಿದ್ದ. ನೀವು ರಜೆಯವರನ್ನಷ್ಟೇ ಕಂಡಿದ್ದೀರಿ.

ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹೊಸದಾಗಿ ಬರೆಯಿರಿ. ಬೂದಾಂ ಇರಲಿ, ರೈಲು ಇರಲಿ. ಉಳಿದ ಹೆಸರುಗಳು ಬೇಡ. ಬರೆದಾದ ಮೇಲೆ ನನ್ನ ಹೆಸರಿಗೇ ಕಳಿಸಿ.