ಕಂಪನಿ ಉಳಿಯಬಹುದು, ಆದರೆ ನಿಮ್ಮ ತಂದೆಯವರ ಷೇರು?

ನೀವು ಬರೆದಿರುವುದು ಇಷ್ಟು: ಗೌರಿಬಿದನೂರಿನಲ್ಲಿರುವ ನಿಮ್ಮ ತಂದೆಯವರ ಬಳಿ ಒಂದು ಸಣ್ಣ ತೈಲ ಅನ್ವೇಷಣಾ ಕಂಪನಿಯ 8,000 ಷೇರುಗಳಿವೆ. ಕೊಂಡ ಬೆಲೆ 62 ರೂಪಾಯಿ, ಈಗಿನ ಬೆಲೆ 4 ರೂಪಾಯಿ 10 ಪೈಸೆ. ಸಾಲ ಕೊಟ್ಟ ಬ್ಯಾಂಕುಗಳು ಕಂಪನಿ ಕಾನೂನು ನ್ಯಾಯಮಂಡಳಿಯ ಮೆಟ್ಟಿಲೇರಿವೆ. ದೊಡ್ಡ ಕಂಪನಿಯೊಂದು ಇದನ್ನು ಕೊಳ್ಳುತ್ತದೆ, ಬೆಲೆ ನೂರು ದಾಟುತ್ತದೆ ಎಂದು ತಂದೆಯವರೂ ಅವರ ಗೆಳೆಯರೂ ನಂಬಿದ್ದಾರೆ. ಇನ್ನೂ 10,000 ಷೇರು ಕೊಳ್ಳಲು ಹೊರಟಿದ್ದಾರೆ. ಈ ಕಂಪನಿಗೆ ಭವಿಷ್ಯವಿದೆಯೇ ಎಂದು ಕೇಳಿದ್ದೀರಿ.

ಕಂಪನಿಗೆ ಭವಿಷ್ಯ ಇರಬಹುದು. ದೊಡ್ಡ ಕಂಪನಿ ಬಂದು ಕೊಳ್ಳಲೂಬಹುದು. ಅಷ್ಟಾದರೂ ನಿಮ್ಮ ತಂದೆಯವರಿಗೆ ಒಂದು ರೂಪಾಯಿಯೂ ಬಾರದಿರಬಹುದು. ಕಂಪನಿಯ ಭವಿಷ್ಯ ಬೇರೆ, ಷೇರಿನ ಭವಿಷ್ಯ ಬೇರೆ ಎಂಬುದನ್ನು ತಿಳಿಯಲು ನನಗೆ ಆರೂವರೆ ವರ್ಷ ಹಿಡಿಯಿತು, ಮೂರು ಲಕ್ಷಕ್ಕೂ ಹೆಚ್ಚು ಹಣ ಹೋಯಿತು. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಾನು ಚಿಕ್ಕಬಳ್ಳಾಪುರದವನು. ಗೊಬ್ಬರ, ಕೀಟನಾಶಕದ ಅಂಗಡಿ ಇದೆ. ನಂದಿ ಹೋಬಳಿಯಲ್ಲಿ ಎರಡು ಎಕರೆ ದ್ರಾಕ್ಷಿ ತೋಟವಿದೆ. 2013ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನೈಸರ್ಗಿಕ ಅನಿಲದ ಬೆಲೆಗೆ ಹೊಸ ಸೂತ್ರವನ್ನು ಒಪ್ಪಿತು. ಅದರಂತೆ ಪ್ರತಿ ಎಂಎಂಬಿಟಿಯುಗೆ (ಅನಿಲವನ್ನು ಅಳೆಯುವ ಘಟಕ) 4.2 ಡಾಲರ್ ಇದ್ದ ಬೆಲೆ 2014ರ ಏಪ್ರಿಲ್‌ನಿಂದ ಸುಮಾರು 8.4 ಡಾಲರಿಗೆ ಏರಬೇಕಿತ್ತು. ಆಗ ಪೆಟ್ರೋಲಿಯಂ ಸಚಿವರಾಗಿದ್ದವರು ನಮ್ಮ ಕ್ಷೇತ್ರದ ಸಂಸದರಾದ ವೀರಪ್ಪ ಮೊಯಿಲಿಯವರು. ಬಿ.ಬಿ. ರಸ್ತೆಯ ಹೋಟೆಲಿನಲ್ಲಿ ದಿನವೂ ಕಾಫಿಗೆ ಸೇರುತ್ತಿದ್ದ ನಾವು ಐವರು, ಅಲ್ಲಿಯವರೆಗೆ ಎತ್ತಿನಹೊಳೆಯ ನೀರಿನ ಬಗ್ಗೆ ಆಡುತ್ತಿದ್ದ ಮಾತನ್ನು ಅನಿಲದ ಬೆಲೆಗೆ ತಿರುಗಿಸಿದೆವು. ನಮ್ಮ ಸಂಸದರೇ ಸಚಿವರಾಗಿರುವಾಗ ಈ ವಿಷಯ ನಮಗೆ ಹತ್ತಿರದಿಂದ ಗೊತ್ತು ಎಂಬ ಭಾವನೆ ಹೇಗೋ ನಮ್ಮೊಳಗೆ ಹೊಕ್ಕಿತ್ತು. ನಿಜಕ್ಕೂ ನಮಗೆ ಗೊತ್ತಿದ್ದದ್ದು ಪತ್ರಿಕೆಯಲ್ಲಿ ಅಚ್ಚಾದಷ್ಟೇ.

2014ರ ಜನವರಿಯಲ್ಲಿ ದಿಲ್‌ಖುಷ್ ದ್ರಾಕ್ಷಿ ಮಾರಿದ ಹಣದಲ್ಲಿ ಒಂದು ಸಣ್ಣ ತೈಲ-ಅನಿಲ ಕಂಪನಿಯ 3,000 ಷೇರನ್ನು 71 ರೂಪಾಯಿಯಂತೆ ಕೊಂಡೆ. ಚುನಾವಣೆ ಘೋಷಣೆಯಾಗಿ ಬೆಲೆ ಏರಿಕೆ ನಿಂತಿತು. ಹೊಸ ಸರ್ಕಾರ ಬೇರೆ ಸೂತ್ರ ತಂದು ನವೆಂಬರ್‌ನಿಂದ 5.61 ಡಾಲರ್ ನಿಗದಿ ಮಾಡಿತು. ಅಷ್ಟರಲ್ಲಿ ಜಗತ್ತಿನಲ್ಲಿ ಕಚ್ಚಾ ತೈಲವೇ ಕುಸಿಯತೊಡಗಿತ್ತು. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 115 ಡಾಲರ್ ಮುಟ್ಟಿದ್ದ ತೈಲ 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗಿತ್ತು. ದೇಶದ ಅನಿಲದ ಬೆಲೆ ಅದೇ ಅಕ್ಟೋಬರ್‌ನಲ್ಲಿ 2.5 ಡಾಲರಿಗೆ ಬಂತು. 8.4ರ ಲೆಕ್ಕ ಹಾಕಿ ಸಾಲ ಮಾಡಿದ್ದ ಕಂಪನಿ 2.5ರಲ್ಲಿ ಬಡ್ಡಿ ಕಟ್ಟುವುದು ಹೇಗೆ? ನಾನು ಆ ಪ್ರಶ್ನೆ ಕೇಳಿಕೊಳ್ಳಲಿಲ್ಲ. 44 ರೂಪಾಯಿಗೆ 2,000, ಆಮೇಲೆ 19 ರೂಪಾಯಿಗೆ 4,000 ಷೇರು ಕೊಂಡೆ. ಆವರೇಜ್ 42ಕ್ಕೆ ಇಳಿಯಿತೆಂದು ಸಮಾಧಾನಪಟ್ಟೆ. ಇಳಿದದ್ದು ಸರಾಸರಿ ಮಾತ್ರ. ಹಾಕಿದ ಹಣ 2,13,000ದಿಂದ 3,77,000ಕ್ಕೆ ಏರಿತ್ತು.

ನಮ್ಮ ಸೀಮೆಯವರಿಗೆ ಈ ಮನಸ್ಥಿತಿ ಹೊಸದಲ್ಲ. 2012ರಲ್ಲಿ ನಮ್ಮ ತೋಟದಲ್ಲಿ ಮೂರನೆಯ ಬೋರ್ ಕೊರೆಸುವಾಗ 900 ಅಡಿಗೆ ಬರೀ ಒಣ ಧೂಳು ಹಾರುತ್ತಿತ್ತು. ರಿಗ್ ಲಾರಿಯ ಮೇಸ್ತ್ರಿ ನಿಲ್ಲಿಸಲೇ ಎಂದು ಕೇಳಿದ. ನಮ್ಮ ಅಪ್ಪ ‘ಇನ್ನು ನೂರು ಅಡಿ ಹೋಗಲಿ’ ಎಂದರು. ಸಾವಿರಕ್ಕೂ ಅದೇ ಮಾತು, ಸಾವಿರದ ನೂರಕ್ಕೂ ಅದೇ ಮಾತು. ಇಷ್ಟು ಹಣ ಸುರಿದ ಮೇಲೆ ಇಲ್ಲಿ ನಿಲ್ಲಿಸಿದರೆ ಎಲ್ಲವೂ ವ್ಯರ್ಥ ಎಂಬ ಸಂಕಟ ಅದು. 1,340 ಅಡಿಗೆ ಒಂದೂವರೆ ಇಂಚು ನೀರು ಸಿಕ್ಕಿತು, ರಾತ್ರಿ ಎರಡು ಗಂಟೆಗೆ ತೆಂಗಿನಕಾಯಿ ಒಡೆದೆವು. ಮರುವರ್ಷದ ಬೇಸಿಗೆಯಲ್ಲಿ ಆ ನೀರೂ ನಿಂತಿತು. ತೈಲ ಕಂಪನಿಯ ಷೇರನ್ನು 19 ರೂಪಾಯಿಗೆ ಕೊಂಡ ದಿನ ನಾನು ಹೇಳಿಕೊಂಡದ್ದು ಅಪ್ಪನ ಅದೇ ನೂರು ಅಡಿಯ ಮಾತನ್ನು.

ತೈಲ ಬಾವಿಗೂ ನಮ್ಮ ಬೋರಿಗೂ ಇರುವ ಹೋಲಿಕೆ ಇನ್ನೂ ಆಳವಾದದ್ದು. ಮೊದಲ ದಿನದ ನೀರನ್ನು ನೋಡಿ ವರ್ಷವಿಡೀ ಅಷ್ಟೇ ಬರುತ್ತದೆ ಎಂದು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಆದರೆ ಪತ್ರಿಕಾ ಹೇಳಿಕೆಯಲ್ಲಿ ಬಾವಿಯ ಆರಂಭದ ಹರಿವನ್ನು ಓದಿ ನಂಬಿಬಿಡುತ್ತೇವೆ. ರಿಲಯನ್ಸ್‌ನಂಥ ದೊಡ್ಡ ಕಂಪನಿಯ ಕೃಷ್ಣಾ-ಗೋದಾವರಿ ಡಿ6 ಕ್ಷೇತ್ರವನ್ನೇ ನೋಡಿ. 2009ರ ಏಪ್ರಿಲ್‌ನಲ್ಲಿ ಅನಿಲ ಉತ್ಪಾದನೆ ಆರಂಭಿಸಿ 2010ರಲ್ಲಿ ದಿನಕ್ಕೆ 6 ಕೋಟಿ ಘನ ಮೀಟರ್ ಅನಿಲ ಕೊಟ್ಟ ಆ ಕ್ಷೇತ್ರ, 2013ರ ಹೊತ್ತಿಗೆ ಅದರ ನಾಲ್ಕನೇ ಒಂದು ಭಾಗವನ್ನೂ ಕೊಡಲಾಗದೆ ಸೊರಗಿತು. ಅವರಿಗೆ ಬೇರೆ ವ್ಯಾಪಾರಗಳಿದ್ದವು, ತಡೆದುಕೊಂಡರು. ಒಂದೋ ಎರಡೋ ಕ್ಷೇತ್ರ ನಂಬಿದ ಸಣ್ಣ ಕಂಪನಿಗೆ ಆ ಆಸರೆ ಇರುವುದಿಲ್ಲ. ಬಾವಿ ಬತ್ತಿದ ಮೇಲೆ ಅದನ್ನು ಸಿಮೆಂಟ್ ತುಂಬಿ ಸುರಕ್ಷಿತವಾಗಿ ಮುಚ್ಚುವ ಖರ್ಚೂ ಕಂಪನಿಯದೇ. ಸಮುದ್ರದೊಳಗಿನ ಬಾವಿಯಾದರೆ ಆ ಖರ್ಚು ಸಣ್ಣದಲ್ಲ.

ನಿಕ್ಷೇಪದ ಅಂಕಿಗಳನ್ನೂ ಹೀಗೆಯೇ ಎಚ್ಚರದಿಂದ ಓದಬೇಕು. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸಿಗುವ ಸಾಧ್ಯತೆ ನೂರಕ್ಕೆ 90 ಇದ್ದರೆ ‘1ಪಿ’, 50 ಇದ್ದರೆ ‘2ಪಿ’, 10 ಮಾತ್ರ ಇದ್ದರೆ ‘3ಪಿ’ ಎನ್ನುತ್ತಾರೆ. ಭೂಮಿಯೊಳಗೆ ಇರುವ ತೈಲ ಎಂದು ಹೇಳಿದರೆ ಅದು ಇನ್ನೂ ದೊಡ್ಡ ಸಂಖ್ಯೆ. ಅದರಲ್ಲಿ ಮೇಲೆ ತರಬಹುದಾದದ್ದು ಒಂದು ಭಾಗ ಮಾತ್ರ. ಗೆಳೆಯರ ನಡುವೆ ಮೊಬೈಲಿನಲ್ಲಿ ಓಡಾಡುವುದು ಯಾವಾಗಲೂ ಆ ದೊಡ್ಡ ಸಂಖ್ಯೆಯೇ.

ಈಗ ನಿಮ್ಮ ತಂದೆಯವರ ಮುಖ್ಯ ನಂಬಿಕೆಗೆ ಬರುತ್ತೇನೆ: ದೊಡ್ಡವರು ಬಂದು ಕೊಳ್ಳುತ್ತಾರೆ ಎಂಬುದು. 2016ರ ದಿವಾಳಿ ಸಂಹಿತೆಯ ಪ್ರಕಾರ ನ್ಯಾಯಮಂಡಳಿ ಪ್ರಕರಣವನ್ನು ಅಂಗೀಕರಿಸಿದ ಮೇಲೆ ಕಂಪನಿಯ ಆಡಳಿತ ಹಳೆಯ ನಿರ್ದೇಶಕರ ಕೈ ತಪ್ಪುತ್ತದೆ. ಕಂಪನಿಯನ್ನು ಯಾರಿಗೆ, ಎಷ್ಟಕ್ಕೆ ಕೊಡಬೇಕೆಂದು ತೀರ್ಮಾನಿಸುವುದು ಸಾಲ ಕೊಟ್ಟವರ ಸಮಿತಿ. ಅಲ್ಲಿ ಷೇರುದಾರರಿಗೆ ಮತವಿಲ್ಲ. ಸಂಹಿತೆಯ 53ನೇ ಸೆಕ್ಷನ್ ಯಾರ ನಂತರ ಯಾರಿಗೆ ಹಣ ಎಂಬ ಸಾಲನ್ನು ಹಾಕಿಟ್ಟಿದೆ. ಮೊದಲು ಪ್ರಕ್ರಿಯೆಯ ವೆಚ್ಚ, ಬಳಿಕ ಕಾರ್ಮಿಕರ ಬಾಕಿ ಮತ್ತು ಅಡಮಾನ ಪಡೆದ ಸಾಲದಾತರು, ಬಳಿಕ ಉಳಿದ ನೌಕರರು, ಅಡಮಾನವಿಲ್ಲದ ಸಾಲದಾತರು, ಸರ್ಕಾರದ ಬಾಕಿ, ಇತರರು, ಆದ್ಯತಾ ಷೇರುದಾರರು. ಎಲ್ಲರಿಗೂ ಪೂರ್ತಿ ಸಂದು ಏನಾದರೂ ಮಿಕ್ಕಿದರೆ ಕೊನೆಯಲ್ಲಿ ಸಾಮಾನ್ಯ ಷೇರುದಾರರಾದ ನಾವು. ಬ್ಯಾಂಕಿಗೇ ನೂರಕ್ಕೆ 30 ಸಿಕ್ಕು ಉಳಿದ 70 ಮುಳುಗಿದರೆ ನಮ್ಮ ಸರದಿ ಬರುವುದೇ ಇಲ್ಲ. ಗೃಹಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿಯನ್ನು 2021ರಲ್ಲಿ ಪಿರಾಮಲ್ ಸಮೂಹ ಸಾವಿರಾರು ಕೋಟಿ ಕೊಟ್ಟು ಕೊಂಡಿತು. ಕೊಳ್ಳುವವರು ಬಂದೇ ಬಂದರು, ಆದರೂ ಹಳೆಯ ಷೇರುಗಳ ಬೆಲೆ ಸೊನ್ನೆ ಎಂದು ತೀರ್ಮಾನವಾಗಿ ಅವು ಷೇರುಪೇಟೆಯಿಂದ ಹೊರಬಿದ್ದವು.

ಇಂಥ ಗೆಳೆಯರು ದಿವಾಳಿ ಪ್ರಕ್ರಿಯೆಯಲ್ಲಿ ಮಾರಾಟವಾದ ಅಡುಗೆ ಎಣ್ಣೆ ಕಂಪನಿ ರುಚಿ ಸೋಯಾದ ಉದಾಹರಣೆ ಕೊಡುತ್ತಾರೆ, ನನ್ನ ಗೆಳೆಯರೂ ಕೊಟ್ಟಿದ್ದರು. 2020ರ ಆರಂಭದಲ್ಲಿ ಮತ್ತೆ ವಹಿವಾಟಿಗೆ ಬಂದ ಆ ಷೇರು ಕೆಲವೇ ತಿಂಗಳಲ್ಲಿ ಸಾವಿರ ರೂಪಾಯಿ ದಾಟಿದ್ದು ನಿಜ. ಆದರೆ ಅದಕ್ಕೂ ಮೊದಲು ಹಳಬರ ಪ್ರತಿ 100 ಷೇರನ್ನು 1 ಷೇರಿಗೆ ಇಳಿಸಲಾಗಿತ್ತು. ಜನರ ಕೈಯಲ್ಲಿ ಒಟ್ಟು ಷೇರಿನ ಶೇ. 1ರಷ್ಟೂ ಇರಲಿಲ್ಲ, ಮಾರುವವರಿಲ್ಲದೆ ಬೆಲೆ ಹಾರಿತು. ನಿಮ್ಮ ತಂದೆಯವರ 8,000 ಷೇರು ಆ ಲೆಕ್ಕದಲ್ಲಿ 80 ಆಗುತ್ತದೆ. 62 ರೂಪಾಯಿಯಂತೆ ಅವರು ಹಾಕಿದ್ದು 4,96,000. ಅದು ಹಿಂದಿರುಗಬೇಕಾದರೆ ಆ 80ರಲ್ಲಿ ಒಂದೊಂದಕ್ಕೂ 6,200 ರೂಪಾಯಿ ಬರಬೇಕು.

ಅವರು ಹೇಳುವ ಇನ್ನೊಂದು ಕಥೆ ರಾಜಸ್ಥಾನದ ಬಾಡಮೇರಿನದು. ಶೆಲ್ ಕಂಪನಿ ತನ್ನ ಪಾಲನ್ನು ಕೇರ್ನ್ ಎಂಬ ತೈಲ ಕಂಪನಿಗೆ ಮಾರಿ ಹೊರಟುಹೋದ ಮೇಲೆ 2004ರ ಜನವರಿಯಲ್ಲಿ ಮಂಗಳಾ ತೈಲ ಕ್ಷೇತ್ರ ಸಿಕ್ಕಿತು. ಈ ಕಥೆ ನನಗೂ ಇಷ್ಟ, ಬಿಟ್ಟುಹೋದವರ ಬಾವಿಯಲ್ಲಿ ಉಳಿದವರಿಗೆ ಸಿಕ್ಕ ಕಥೆ ಯಾರಿಗೆ ಇಷ್ಟವಾಗದು? ಆದರೆ ಒಂದಾದ ಮೇಲೊಂದು ಬಾವಿ ಕೊರೆಯಲು ಕೇರ್ನ್ ಬಳಿ ಹಣವಿತ್ತು. ಮಂಗಳಾ ಸಿಕ್ಕ ಮೇಲೂ ತೈಲ ಹೊರಬರಲು 2009ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಬಡ್ಡಿ ಕಟ್ಟಲಾಗದ ಕಂಪನಿಗೆ ಐದು ವರ್ಷ ಕಾಯುವ ತ್ರಾಣ ಎಲ್ಲಿಂದ ಬರುತ್ತದೆ?

‘ದೊಡ್ಡವರು ಬೆಲೆ ಬೀಳಿಸಿ ಸದ್ದಿಲ್ಲದೆ ಸಂಗ್ರಹಿಸುತ್ತಿದ್ದಾರೆ’ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಇದನ್ನು ಹತ್ತೇ ನಿಮಿಷದಲ್ಲಿ ಪರೀಕ್ಷಿಸಬಹುದು. ಮೂರು ತಿಂಗಳಿಗೊಮ್ಮೆ ಪ್ರತಿ ಕಂಪನಿಯೂ ತನ್ನ ಷೇರು ಯಾರ ಬಳಿ ಎಷ್ಟಿದೆ ಎಂಬ ಪಟ್ಟಿಯನ್ನು ಷೇರುಪೇಟೆಗೆ ಕೊಡುತ್ತದೆ. ಬಿಎಸ್‌ಇ ಜಾಲತಾಣದಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಅದರಲ್ಲಿ 2 ಲಕ್ಷ ರೂಪಾಯಿವರೆಗಿನ ಮುಖಬೆಲೆಯ ಷೇರುಳ್ಳ ವ್ಯಕ್ತಿಗಳು ಎಂಬ ಸಾಲು ಇರುತ್ತದೆ, ಅದು ನಾವು. ಎಂಟು ತ್ರೈಮಾಸಿಕಗಳ ಪಟ್ಟಿ ತೆಗೆದು ಆ ಸಾಲನ್ನೂ, ಮ್ಯೂಚುವಲ್ ಫಂಡ್‌ಗಳ ಸಾಲನ್ನೂ, ಪ್ರವರ್ತಕರು (ಕಂಪನಿ ಕಟ್ಟಿ ನಡೆಸುವ ಒಡೆಯರು) ಅಡವಿಟ್ಟ ಷೇರಿನ ಸಾಲನ್ನೂ ಪಕ್ಕಪಕ್ಕ ಬರೆಯಿರಿ. ನಾನು ಇದನ್ನು 2020ರಲ್ಲಿ, ಅಂಗಡಿ ಮುಚ್ಚಿದ ಲಾಕ್‌ಡೌನ್ ದಿನಗಳಲ್ಲಿ ಮಾಡಿದೆ. ಮ್ಯೂಚುವಲ್ ಫಂಡ್ ಸಾಲು ಸೊನ್ನೆಯಾಗಿತ್ತು, ಪ್ರವರ್ತಕರ ಪಾಲು ಕರಗಿತ್ತು, ಪ್ರತಿ ಬಾರಿಯೂ ಏರಿದ್ದು ನಮ್ಮಂಥವರ ಸಾಲೊಂದೇ. ಸದ್ದಿಲ್ಲದೆ ಸಂಗ್ರಹಿಸುತ್ತಿದ್ದವರು ನಾವೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ವರ್ಷ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ ಬೆಲೆ (ಮುಂದೆ ಪೂರೈಸಲು ಮಾಡಿಕೊಳ್ಳುವ ಒಪ್ಪಂದದ ಬೆಲೆ) ಸೊನ್ನೆಗಿಂತಲೂ ಕೆಳಗೆ, ಮೈನಸ್ 37 ಡಾಲರಿಗೆ ಹೋಗಿತ್ತು. ವಾರ್ಷಿಕ ವರದಿ ಬಂದಾಗ ಮೊದಲ ಸಲ ಲೆಕ್ಕಪರಿಶೋಧಕರ ಪುಟ ಓದಿದೆ. ಕಂಪನಿ ವ್ಯವಹಾರ ಮುಂದುವರಿಸುವ ಬಗ್ಗೆಯೇ ಗಂಭೀರ ಅನಿಶ್ಚಿತತೆ ಇದೆ ಎಂದು ಸ್ಪಷ್ಟವಾಗಿ ಬರೆದಿದ್ದರು. ವರ್ಷದ ಬಡ್ಡಿಯ ಮೊತ್ತ ವರ್ಷದ ಆದಾಯಕ್ಕಿಂತ ಹೆಚ್ಚಿತ್ತು. ಸೆಪ್ಟೆಂಬರ್‌ನಲ್ಲಿ ಮಹಾಸಭೆ ವಿಡಿಯೊ ಮೂಲಕ ನಡೆಯಿತು. ಮಾತನಾಡಲು ಮೊದಲೇ ಹೆಸರು ನೋಂದಾಯಿಸಿ, ಬಡ್ಡಿ ಕಟ್ಟಲು ದಿನಕ್ಕೆ ಎಷ್ಟು ಬ್ಯಾರೆಲ್ ಬೇಕು, ಈಗ ಎಷ್ಟು ಬರುತ್ತಿದೆ ಎಂದು ಕೇಳಿದೆ. ‘ಲಿಖಿತವಾಗಿ ತಿಳಿಸುತ್ತೇವೆ’ ಎಂದರು. ಎರಡು ವಾರ ಕಾದರೂ ಉತ್ತರ ಬರಲಿಲ್ಲ. 9,000 ಷೇರನ್ನೂ 6 ರೂಪಾಯಿಯಂತೆ ಮಾರಿದೆ, 54,000 ಬಂತು.

ನನ್ನ ನಾಲ್ವರು ಗೆಳೆಯರು ಮಾರಲಿಲ್ಲ. ಎರಡು ವರ್ಷಗಳ ಬಳಿಕ ಅವರು ಕಾಯುತ್ತಿದ್ದ ದಿನ ಬಂತು: ಕೊಳ್ಳುವವರು ಬಂದರು, ನ್ಯಾಯಮಂಡಳಿ ಯೋಜನೆಯನ್ನು ಒಪ್ಪಿತು. ಆ ಯೋಜನೆಯಲ್ಲಿ ಹಳೆಯ ಷೇರುಗಳೆಲ್ಲ ರದ್ದು. ಆ ಕಂಪನಿಯ ಬಾವಿಗಳಿಂದ ಇಂದಿಗೂ ಅನಿಲ ಬರುತ್ತಿದೆ. ಕಂಪನಿ ಬದುಕುತ್ತದೆ ಎಂದು ನಾವು ಐವರೂ ಊಹಿಸಿದ್ದು ಸರಿಯಾಗಿಯೇ ಇತ್ತು.

ಹಾಗಾಗಿ ಹೊಸದಾಗಿ 10,000 ಷೇರು ಕೊಳ್ಳುವುದನ್ನು ದಯವಿಟ್ಟು ಇಂದೇ ತಡೆಯಿರಿ. ಇರುವುದನ್ನು ಮಾರಬೇಕೇ ಎಂದರೆ, ಮೇಲೆ ಹೇಳಿದ ಪಟ್ಟಿಯೂ ಲೆಕ್ಕಪರಿಶೋಧಕರ ಪುಟವೂ ನನ್ನ ಕಂಪನಿಯಂತೆಯೇ ಇದ್ದರೆ ನಾನು ಮಾರುತ್ತೇನೆ. ವಹಿವಾಟು ನಿಲ್ಲಿಸಿದ ಮೇಲೆ ಮಾರಲು ದಾರಿ ಇರುವುದಿಲ್ಲ. ದಿನವೂ ಲೋವರ್ ಸರ್ಕ್ಯೂಟ್ (ಬೆಲೆ ಒಂದು ದಿನದಲ್ಲಿ ಇಳಿಯಬಹುದಾದ ಕೊನೆಯ ಮಿತಿ) ಬೀಳುತ್ತಿದ್ದರೆ ಈಗಲೇ ಕೊಳ್ಳುವವರು ಸಿಗುವುದು ಕಷ್ಟ. ಮಾರಿದರೆ ಇನ್ನೊಂದು ಅನುಕೂಲವಿದೆ. ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರಿನ ನಷ್ಟವನ್ನು ಮುಂದಿನ ಎಂಟು ವರ್ಷಗಳವರೆಗೆ ಅಂಥದೇ ದೀರ್ಘಾವಧಿ ಲಾಭದೊಂದಿಗೆ ಹೊಂದಿಸಬಹುದು, ಆದರೆ ರಿಟರ್ನ್ಸ್ ಗಡುವಿನೊಳಗೆ ಸಲ್ಲಿಸಿರಬೇಕು. ಊರಿನಲ್ಲಿ ಜಾಗವನ್ನೋ ಷೇರನ್ನೋ ಮಾರುವ ಯೋಚನೆ ತಂದೆಯವರಿಗಿದ್ದರೆ ಇದು ಸಣ್ಣ ಮೊತ್ತವಲ್ಲ. ಷೇರು ರದ್ದಾದ ಮೇಲೆ ಈ ನಷ್ಟ ತೋರಿಸುವುದು ತಕರಾರಿನ ಕೆಲಸ, ತೆರಿಗೆ ಸಲಹೆಗಾರರನ್ನು ಮೊದಲೇ ಕೇಳಿ.

ತಂದೆಯವರೊಂದಿಗೆ ಮಾತನಾಡುವಾಗ 62 ರೂಪಾಯಿಯ ವಿಷಯ ಎತ್ತಬೇಡಿ, ಗೆಳೆಯರನ್ನು ಬಯ್ಯಬೇಡಿ. ನನ್ನ ಮಗ ಹಾಗೆ ಮಾಡಿದ್ದ. ನಾನು ಹಟಕ್ಕೆ ಬಿದ್ದು ಇನ್ನೂ ಒಂದು ವರ್ಷ ಇಟ್ಟುಕೊಂಡೆ. ಗೌರಿಬಿದನೂರಿನವರಿಗೆ ಬೋರ್ ಕೊರೆಸುವುದು ಏನೆಂದು ವಿವರಿಸಬೇಕಾಗಿಲ್ಲ. ‘ಅಪ್ಪಾ, ಪಹಣಿ ಬೇರೆಯವರ ಹೆಸರಿಗೆ ಹೋಗಲಿರುವ ಹೊಲದಲ್ಲಿ ನೀವು ಬೋರ್ ಕೊರೆಸುತ್ತೀರಾ?’ ಎಂದು ಕೇಳಿ, ಅವರು ಉತ್ತರಿಸುವವರೆಗೆ ಸುಮ್ಮನಿರಿ. ಕಂಪನಿಯ ಕೊನೆಯ ವಾರ್ಷಿಕ ವರದಿಯಲ್ಲಿ ಲೆಕ್ಕಪರಿಶೋಧಕರು ಬರೆದ ಪುಟವನ್ನು ಇಲ್ಲಿ ಹಾಕಿದರೆ ಸಾಲು ಸಾಲಾಗಿ ಓದಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಅಂಗಡಿ ಮುಚ್ಚಿದ ಮೇಲೆ, ರಾತ್ರಿ ಎಂಟೂವರೆಯ ನಂತರ ನೋಡುತ್ತೇನೆ.