ವಾರಕ್ಕೆ ಹನ್ನೆರಡು ಸಾಲು

ಓದುಗರ ಪ್ರಶ್ನೆ: ಮಗಳು ಬೆಂಗಳೂರಿನ ದೊಡ್ಡ ಟೆಕ್ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಈ ಮಳೆಗಾಲ ಮನೆಯಿಂದಲೇ ಕೆಲಸ. ಬೆಳಗ್ಗಿನಿಂದ ರಾತ್ರಿವರೆಗೆ ಕೂತರೂ ಕಳೆದ ವಾರ ಬರೆದದ್ದು ಬರೇ 12 ಸಾಲಂತೆ. ಅದನ್ನೂ ಇಬ್ಬರು ತಿದ್ದಿದರಂತೆ. ಮೊನ್ನೆ ರಾತ್ರಿ ಮೂರು ಗಂಟೆಗೆ ಫೋನ್ ಹೊಡೆದುಕೊಂಡು ಎದ್ದು ಕೂತಳು. ಅವಳಿಗೆ ಕೆಲಸ ಬರುವುದಿಲ್ಲವೋ, ಕಂಪನಿಯೇ ಸರಿಯಿಲ್ಲವೋ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಸಂಪಾದಕರ ಉತ್ತರ:

ಮಾಸ್ಟ್ರೇ, ಎರಡೂ ಅಲ್ಲ. ಒಂದು ಉದಾಹರಣೆ ನೋಡಿ. ಕಂಪನಿಯ ಆ್ಯಪಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಫಾರ್ಮ್ ಮುಂದೆ ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ನಮ್ಮ ಕಡೆ ಇನಿಶಿಯಲ್‌ನವರೇ ಹೆಚ್ಚು. ಅಲ್ಲೊಂದು ಚುಕ್ಕಿ ಹಾಕಿ ಪಾರಾಗುತ್ತಾರೆ. ಇದನ್ನು ಸರಿಪಡಿಸುವ ಕೆಲಸ ನಿಮ್ಮ ಮಗಳಿಗೆ ಬಂತು. ‘ಖಾಲಿ ಬಿಡಬಹುದು’ ಎಂದು ಮಾಡಲು ಒಂದೇ ಸಾಲು ಕೋಡ್, ಅಂದರೆ ಕಂಪ್ಯೂಟರಿಗೆ ಬರೆದುಕೊಡುವ ಆದೇಶ, ಸಾಕು. ಆದರೆ ಆ ಸರ್‌ನೇಮನ್ನು ಬಿಲ್ಲಿಂಗ್ ಓದುತ್ತದೆ, ಕೊರಿಯರ್ ಚೀಟಿ ಓದುತ್ತದೆ, ಕಸ್ಟಮರ್ ಕೇರಿನ ಹುಡುಕಾಟವೂ ಓದುತ್ತದೆ. ಒಂದೊಂದೂ ಬೇರೆ ಬೇರೆ ತಂಡದ ಕೈಯಲ್ಲಿ. ಎಲ್ಲೋ ಒಂದು ಕಡೆ ಯಾರೋ ಸರ್‌ನೇಮಿನ ಮೊದಲ ಅಕ್ಷರವನ್ನು ಎತ್ತಿಕೊಳ್ಳುವಂತೆ ಬರೆದಿರುತ್ತಾರೆ. ಅಕ್ಷರವೇ ಇಲ್ಲದಿದ್ದರೆ ಆ ಪ್ರೋಗ್ರಾಂ ಅಲ್ಲಿಗೇ ನಿಂತಿತು. ಯಾರು ಯಾರು ಓದುತ್ತಾರೆಂದು ಹುಡುಕುವುದರಲ್ಲೇ ಎರಡು ದಿನ ಹೋಗುತ್ತದೆ.

ಆಮೇಲೆ ಟೆಸ್ಟ್, ಅಂದರೆ ಕೋಡ್ ಸರಿಯಿದೆಯೇ ಎಂದು ನೋಡುವ ಸಣ್ಣ ಪ್ರೋಗ್ರಾಂ. ತಿದ್ದುವ ಮೊದಲು ಓಡಿಸಿದರೆ ಅದು ಫೇಲಾಗಬೇಕು, ತಿದ್ದಿದ ಮೇಲೆ ಪಾಸಾಗಬೇಕು. ಮೊದಲೇ ಪಾಸಾದರೆ ಆ ಟೆಸ್ಟಿನಿಂದ ಪ್ರಯೋಜನವಿಲ್ಲ. ಓದುವ ಕಡೆಗಳ ತಿದ್ದುಪಡಿ, ಟೆಸ್ಟ್ ಎಲ್ಲ ಸೇರಿ 12 ಸಾಲು. ನಂತರ ಕೋಡ್ ರಿವ್ಯೂ, ಬರೆದದ್ದನ್ನು ಸಹೋದ್ಯೋಗಿಗಳು ಓದಿ ನೋಡುವುದು. ನೀವು ‘ತಿದ್ದಿದರು’ ಅಂದದ್ದು ಇದನ್ನೇ. ಹದಿನೈದು ವರ್ಷ ಅನುಭವ ಇರುವವರ ಕೋಡಿಗೂ ಇದು ತಪ್ಪುವುದಿಲ್ಲ. ‘ಖಾಲಿ ಬದಲು ಬರೀ ಸ್ಪೇಸ್ ಬಂದರೆ?’ ಎಂದು ಒಬ್ಬರು ಕೇಳುತ್ತಾರೆ, ಸಾಲು 12ರಿಂದ 15 ಆಗುತ್ತದೆ. ಆ 12 ಸಾಲು ಬರೆದುಕೊಡಲು ಈಗ ಎಐಗೆ ಒಂದು ನಿಮಿಷ ಸಾಕು ಎನ್ನುವವರಿದ್ದಾರೆ. ನಿಜ. ವಾರದ ಉಳಿದ ಕೆಲಸ ಹಾಗೆಯೇ ಇರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಯಾವುದು ಮೊದಲು ಹೋಗಬೇಕೆಂಬ ಲೆಕ್ಕ. ಆ್ಯಪನ್ನು ನಡೆಸುವ ಕಂಪನಿಯ ಕಂಪ್ಯೂಟರುಗಳಿಗೆ ಸರ್ವರ್ ಎನ್ನುತ್ತಾರೆ. ನೂರಾರು ಸರ್ವರುಗಳು ಒಟ್ಟಿಗೆ ಹೊಸ ಕೋಡಿಗೆ ಬದಲಾಗುವುದಿಲ್ಲ. ಎಷ್ಟೋ ಹೊತ್ತು ಅರ್ಧ ಹಳತು, ಅರ್ಧ ಹೊಸತು. ಹಾಗಾಗಿ ಸರ್‌ನೇಮ್ ಓದುವ ಕಡೆಗಳೆಲ್ಲ ಖಾಲಿಯನ್ನು ಸಹಿಸುವಂತಾದ ಮೇಲೆಯೇ ಹೊಸ ಫಾರ್ಮನ್ನು ಜನರಿಗೆ ಬಿಡಬೇಕು. ಉಲ್ಟಾ ಮಾಡಿದರೆ ಖಾಲಿ ಹೆಸರು ಹಳೆಯ ಬಿಲ್ಲಿಂಗ್ ಸರ್ವರಿಗೆ ಹೋಗಿ ಬಿಲ್ ನಿಲ್ಲುತ್ತದೆ. ಆಗ ಕೋಡನ್ನು ಹಿಂದೆ ತೆಗೆದುಕೊಳ್ಳಬಹುದು, ಡೇಟಾಬೇಸಿಗೆ ಸೇರಿಹೋದ ಖಾಲಿ ಹೆಸರು ಅಲ್ಲೇ ಉಳಿಯುತ್ತದೆ. ಫಾರ್ಮನ್ನೂ ಮೊದಲು ನೂರರಲ್ಲಿ ಒಬ್ಬರಿಗೆ, ಆಮೇಲೆ ಹತ್ತು, ಐವತ್ತು, ಕಡೆಗೆ ಎಲ್ಲರಿಗೂ ಎಂದು ಬಿಡುತ್ತಾರೆ. ಪ್ರತಿ ಹಂತದಲ್ಲೂ ಜನ ಹೆಚ್ಚು ಬಳಸುವ ಹೊತ್ತೊಂದು ದಾಟಬೇಕು. ನಡುರಾತ್ರಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಇಷ್ಟು ಮಡಿ ಯಾಕೆ ಅಂದರೆ: 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಕಂಪನಿಯ ಎಂಟು ಸರ್ವರುಗಳಲ್ಲಿ ಏಳಕ್ಕೆ ಹೊಸ ಕೋಡ್ ಹೋಗಿತ್ತು, ಒಂದಕ್ಕೆ ಹೋಗಿರಲಿಲ್ಲ. ಆ ಒಂದರಲ್ಲಿ ಉಳಿದಿದ್ದ ಹಳೆಯ ಕೋಡ್ ಚಾಲೂ ಆಗಿ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಮುಳುಗಿತು.

ಇನ್ನು ರಾತ್ರಿಯ ಫೋನು. ಸೇವೆ ಕೆಟ್ಟರೆ ಯಾವ ಹೊತ್ತಿಗೂ ಎದ್ದು ನೋಡುವ ಈ ಕೆಲಸಕ್ಕೆ ಆನ್‌ಕಾಲ್ ಎನ್ನುತ್ತಾರೆ. ಸಾಮಾನ್ಯವಾಗಿ ವಾರಕ್ಕೊಬ್ಬರ ಪಾಳಿ. 99.9 ಶೇಕಡಾ ಹೊತ್ತು ಸೇವೆ ನಡೆಯಬೇಕೆಂದರೆ 30 ದಿನಕ್ಕೆ 43 ನಿಮಿಷ ಮಾತ್ರ ನಿಲ್ಲಬಹುದು, 99.99 ಆದರೆ ನಾಲ್ಕೇ ನಿಮಿಷ. ಬೆಳಗಾಗಲಿ ನೋಡುವ ಎನ್ನುವ ಹಾಗಿಲ್ಲ. ಎದ್ದವರು ಮೊದಲು ಮಾಡಬೇಕಾದ್ದು ಕಾರಣ ಹುಡುಕುವುದಲ್ಲ, ಕೊನೆಗೆ ಹೋದ ಬದಲಾವಣೆಯನ್ನು ಹಿಂದೆ ತೆಗೆಯುವುದು. ಕಾರಣಕ್ಕೆ ಬೆಳಗ್ಗೆ ಹೊತ್ತಿದೆ. ಹೊಸಬರು ನಿದ್ದೆಗಣ್ಣಲ್ಲಿ ಅಲ್ಲೇ ಕೋಡ್ ತಿದ್ದಲು ಹೋಗಿ ಒಂದನ್ನು ಎರಡು ಮಾಡುವುದುಂಟು.

ಸಾಲಿನ ಲೆಕ್ಕಕ್ಕೆ ನೀವು ಚಿಂತೆ ಮಾಡಬೇಡಿ. ಪಾಳಿಯಲ್ಲಿ ಎಷ್ಟು ಸಲ ಫೋನ್ ಬರುತ್ತದೆಂದು ಕೇಳಿ. ಗೂಗಲ್ ತನ್ನವರಿಗೆ ಹಾಕಿಕೊಂಡ ಮಿತಿ 12 ಗಂಟೆಯ ಪಾಳಿಗೆ ಎರಡು ಸಮಸ್ಯೆ. ದಿನವೂ ಅದಕ್ಕಿಂತ ಹೆಚ್ಚಾದರೆ ಮ್ಯಾನೇಜರ್ ಹತ್ತಿರ ಹೇಳಲೇಬೇಕು. ರಿವ್ಯೂಗೆ ಕಳಿಸಿದ್ದು ಮೂರು ನಾಲ್ಕು ದಿನ ಯಾರೂ ನೋಡದೆ ಬಿದ್ದಿದ್ದರೆ ಅದೂ ಹೇಳಬೇಕಾದ ವಿಷಯವೇ. ಸುಮ್ಮನೆ ಕಾಯುವುದು ನಮ್ಮ ಮಕ್ಕಳ ದೊಡ್ಡ ದೋಷ.

ಮನೆಯಲ್ಲಿ ನೀವು ಮಾಡಬಹುದಾದ್ದೂ ಇದೆ. ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟು ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ, ಫೈಬರ್ ಮೋಡೆಮ್ ಆರಿಹೋಗುತ್ತದೆ. ಅದರ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದೇ ಸಿಗುವ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು, ಆದರೆ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ತನ್ನಿ. ಫೋನಿಗೆ ಬೇರೆ ಕಂಪನಿಯ ಎರಡನೇ ಸಿಮ್ ಇರಲಿ.

ಆನ್‌ಕಾಲ್ ವಾರದಲ್ಲಿ ಮಾತ್ರ ಕಣ್ಣೂರು–ಬೆಂಗಳೂರು ರೈಲು ಹತ್ತಿಸಬೇಡಿ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. ಅಲ್ಲಿ ಸಿಗ್ನಲ್ ನಂಬುವಂತಿಲ್ಲ. ಟಿಕೆಟ್ ಮಾಡುವ ಮೊದಲೇ ಸಹೋದ್ಯೋಗಿಯೊಬ್ಬರ ಜತೆ ಪಾಳಿ ಅದಲುಬದಲು ಮಾಡಿಕೊಳ್ಳಲು ಹೇಳಿ.