ಸಿಲ್ವರ್ ಓಕ್ ಹತ್ತಲು ದೋಣಿಯವರ ಹಲಗೆ ಆಗುತ್ತಾ?

ಪ್ರಶ್ನೆ: ಹಾಯಿದೋಣಿಯ ಕಂಬ ಹತ್ತುವವರು ಹಗ್ಗಕ್ಕೆ ಕಟ್ಟಿದ ಹಲಗೆ ಮೇಲೆ ಕೂತು ಕೆಲಸ ಮಾಡುವ ವಿಡಿಯೊ ನೋಡಿದೆ. ನಮ್ಮ ತೋಟದಲ್ಲಿ ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡುವವರಿಗೂ ಅದನ್ನೇ ಕೊಡಿಸಬಹುದೇ? ಬೆಲ್ಟ್ ಹಾಕಿದರೆ ತೊಡೆ ನೋಯುತ್ತೆ ಅಂತಾರೆ.
– ಓದುಗರು, ಮೂಡಿಗೆರೆ

ಉತ್ತರ: ಬೇಡ ಸಾರ್. ದೋಣಿಯ ಕಂಬದ ತುದಿಯಲ್ಲಿ ರಾಟೆ ಇರುತ್ತದೆ. ಕೆಳಗಿನವರು ಹಗ್ಗ ಎಳೆದು ಮೇಲೇರಿಸುತ್ತಾರೆ. ನಮ್ಮ ಸಿಲ್ವರ್ ಓಕಿನ ನೆತ್ತಿಗೆ ರಾಟೆ ಕಟ್ಟುವವರು ಯಾರು? ಹಲಗೆ ಕೂರಲು ಆರಾಮ, ನಿಜ. ಆದರೆ ವಾಲಿದರೆ ಜಾರಿಬಿಡಬಹುದು. ಅದಕ್ಕೇ ಎಚ್ಚರ ಇರುವ ದೋಣಿಯವರು ಇನ್ನೊಂದು ಹಗ್ಗವನ್ನೂ ಮೈಗೆ ಬಿಗಿದುಕೊಳ್ಳುತ್ತಾರೆ.

ತೊಡೆ ನೋವಿಗೆ ಸಾಮಾನ್ಯವಾಗಿ ಕಾರಣ ಸಪೂರ ಪಟ್ಟಿ. ಎದೆ, ಸೊಂಟ, ತೊಡೆ ಮೂರನ್ನೂ ಹಿಡಿಯುವ ಫುಲ್ ಬಾಡಿ ಹಾರ್ನೆಸ್ ತಗೊಳ್ಳಿ. ಸೊಂಟಕ್ಕೂ ತೊಡೆಗೂ ಅಗಲವಾದ ಮೆತ್ತನೆ ಪಟ್ಟಿ ಇರಲಿ. ಸೊಂಟದ ಎರಡೂ ಪಕ್ಕ ಹಗ್ಗ ಸಿಕ್ಕಿಸುವ ಬಳೆ (ರಿಂಗ್) ಇದ್ದರೆ ಮರ ಸುತ್ತಿ ಹಗ್ಗ ಹಾಕಿ, ಒರಗಿ ನಿಂತು, ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ಕತ್ತಿ ಏಟು ತಾಗುವ ಭಯ ಇರುವುದರಿಂದ ಒಳಗೆ ಉಕ್ಕಿನ ತಂತಿ ಇರುವ ಹಗ್ಗವೇ ಒಳ್ಳೆಯದು. ಅಗ್ಗ ಅಂತ ಬರೀ ಸೊಂಟದ ಬೆಲ್ಟ್ ತರಬೇಡಿ. ಬಿದ್ದರೆ ಪೂರ್ತಿ ಏಟು ಹೊಟ್ಟೆಗೆ, ಬೆನ್ನಿಗೆ. ಐಎಸ್ 3521 (ಇಂಥ ಬೆಲ್ಟ್, ಹಾರ್ನೆಸ್‌ಗಳ ಭಾರತೀಯ ಮಾನಕ) ಗುರುತು ನೋಡಿ.

ಅಂಗಡಿಯಲ್ಲಿ ನಿಂತು ಹಾಕಿದರೆ ಎಲ್ಲವೂ ಸರಿಯಾಗೇ ಇರುತ್ತೆ! ಮರ ಹತ್ತುವವರಿಗೇ ತೊಡಿಸಿ, ಗಟ್ಟಿ ತೊಲೆಗೆ ಕಟ್ಟಿ, ಕಾಲು ನೆಲ ಬಿಡುವಷ್ಟೇ ಎತ್ತರದಲ್ಲಿ ಐದು ನಿಮಿಷ ಕೂರಿಸಿ. ಎಲ್ಲಿ ಒತ್ತುತ್ತೆ ಅಂತ ಅವರೇ ಹೇಳುತ್ತಾರೆ.

ಇನ್ನು ಕರೆಂಟ್ ಲೈನ್ ಪಕ್ಕದ ಮರ. ಅಲ್ಲಿ ಯಾವ ಹಾರ್ನೆಸ್ಸೂ ಕಾಯಲ್ಲ. ಮೊದಲು ಲೈನ್‌ಮನ್ ಕರೆಸಿ, ಲೈನ್ ಆಫ್ ಮಾಡಿಸಿ.